ಮರದ ಕಿವಿ ಕಿತ್ತು ತಿನ್ನುವ ಕೋತಿ

ಚೈನೀಸ್ ಹೋಟೆಲಿನ ಸೂಪಿನಲ್ಲಿ ಒಮ್ಮೊಮ್ಮೆ ಕಪ್ಪಗೆ, ಹಲ್ಲಿಗೆ ಸಿಕ್ಕರೆ ಕರಕ್ ಎನ್ನುವ ಚೂರು ತೇಲುತ್ತಿರುತ್ತದಲ್ಲ, ಅದು ಕಿವಿ ಅಣಬೆ. ಮಲೆನಾಡಿನಲ್ಲಿ ಮಳೆ ಹಿಡಿದಾಗ ಬಿದ್ದ ಮರಗಳ ಮೇಲೂ ಇದರ ಬಳಗ ಮೂಡುತ್ತದೆ. ಮುಟ್ಟಿದರೆ ಥೇಟ್ ಕಿವಿಯ ಹಾಲೆ: ತಣ್ಣಗೆ, ಮೆತ್ತಗೆ. ಬಿಸಿಲಿಗೆ ಹಪ್ಪಳದಂತೆ ಒಣಗಿ, ಇನ್ನೊಂದು ಮಳೆಗೆ ನೀರು ಕುಡಿದು ಮತ್ತೆ ಅರಳುತ್ತದೆ.

ನಮಗೆ ಸೂಪಿನ ಅಲಂಕಾರವಾದ ಈ ಅಣಬೆ ಬೊಲಿವಿಯಾದ ಪಾಂಡೊ ಕಾಡಿನ ಗೊಯೆಲ್ಡಿ ಕೋತಿಗೆ ಹೊಟ್ಟೆಪಾಡು. ಮೈಯೆಲ್ಲ ಕಪ್ಪು, ತೂಕ ಅರ್ಧ ಕಿಲೋ ಆಸುಪಾಸು. 1904ರಲ್ಲಿ ವಿಜ್ಞಾನಿಗಳ ಪಟ್ಟಿಗೆ ಸೇರಿದಾಗ ಸ್ವಿಸ್ ನಿಸರ್ಗತಜ್ಞ ಎಮಿಲ್ ಗೊಯೆಲ್ಡಿಯ ಹೆಸರು ಅಂಟಿಕೊಂಡಿತು. ಹಣ್ಣು, ಮಿಡತೆ ಸಿಕ್ಕರೆ ಬಿಡುವುದಿಲ್ಲ; ಹಣ್ಣು ಮುಗಿದ ಒಣ ತಿಂಗಳುಗಳಲ್ಲಿ ಅಣಬೆಯೇ ಗತಿ.

ತರಕಾರಿ ಅಂಗಡಿಯಲ್ಲಿ ಕೋಸಿನ ಪಕ್ಕ ಕೂತರೂ ಅಣಬೆ ಸಸ್ಯವಲ್ಲ. ವಂಶಾವಳಿ ಬಿಡಿಸಿದರೆ ಅದು ತಾನು ಕೂತ ಮರಕ್ಕಿಂತ ತನ್ನನ್ನು ತಿನ್ನುವ ಕೋತಿಗೇ ಹತ್ತಿರದ ದಾಯಾದಿ. ಸಸ್ಯಗಳು ಸಕ್ಕರೆಯನ್ನು ಪಿಷ್ಟವಾಗಿ ಕೂಡಿಟ್ಟರೆ ಅಣಬೆ ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಕೋತಿಯ ಪಿತ್ತಜನಕಾಂಗದಲ್ಲಿರುವುದೂ ಅದೇ. ಅಣಬೆಯ ಕೋಶಗಳಿಗೆ ಗೋಡೆ ಕಟ್ಟುವ ಕೈಟಿನ್, ಕೋತಿ ಅಗಿಯುವ ಮಿಡತೆಯ ಹೊರಕವಚದಲ್ಲೂ ಉಂಟು.

ಇಬ್ಬರಿಗೂ ಸ್ವಂತ ಅಡುಗೆ ಗೊತ್ತಿಲ್ಲ, ಬೇರೆಯವರು ಮಾಡಿಟ್ಟದ್ದನ್ನೇ ತಿನ್ನಬೇಕು. ಉಣ್ಣುವ ಕ್ರಮ ಮಾತ್ರ ತಿರುವುಮುರುವು. ಕೋತಿ ಮೊದಲು ನುಂಗಿ ಆಮೇಲೆ ಅರಗಿಸಿಕೊಳ್ಳುತ್ತದೆ. ಅಣಬೆಯ ನೂಲಿನಂಥ ಎಳೆಗಳು ಮರದೊಳಗೆ ಹರಡಿ, ಕಿಣ್ವ ಸುರಿಸಿ, ಮರವನ್ನು ಇದ್ದಲ್ಲೇ ಅರಗಿಸಿ ಆಮೇಲೆ ಹೀರುತ್ತವೆ. ಅಂದರೆ, ಜೀರ್ಣಕ್ರಿಯೆಯೆಲ್ಲ ಮೈಯ ಹೊರಗೇ! ಕೋತಿಗೆ ಮರ ತಿಂದು ದಕ್ಕಿಸಿಕೊಳ್ಳುವ ಶಕ್ತಿಯಿಲ್ಲ; ದಕ್ಕಿಸಿಕೊಂಡವನನ್ನು ಹಿಡಿದು ತಿನ್ನುತ್ತದೆ.

ಇದೇನೂ ಪುಕ್ಕಟೆ ಊಟವಲ್ಲ. ಅಣಬೆಯಲ್ಲಿ ಕಸುವು ಕಡಿಮೆ, ಅದರ ಕೋಶಗೋಡೆ ಸುಲಭಕ್ಕೆ ಕರಗದು. ಇಲ್ಲೊಂದು ದಿಮ್ಮಿಯಲ್ಲಿ ನಾಲ್ಕು, ಎಷ್ಟೋ ದೂರದ ಇನ್ನೊಂದರಲ್ಲಿ ಎರಡು. ಹಾಗಾಗಿ ಬೆರಳೆಣಿಕೆಯ ಸದಸ್ಯರ ಪುಟ್ಟ ಗುಂಪಿಗೂ ನೂರು ಹೆಕ್ಟೇರಿಗೆ ಮೀರಿದ ಕಾಡು ಬೇಕು. ಕೋತಿಯೆಂದರೆ ಮರದ ತುದಿಯಲ್ಲಿರುವ ಪ್ರಾಣಿ ಎಂದುಕೊಂಡವರು ಇಲ್ಲಿ ಕತ್ತು ಬಗ್ಗಿಸಿ ಹುಡುಕಬೇಕು. ಇವು ಕೆಳಗಿನ ಪೊದೆಗಳ ನಡುವೆ, ನೆಟ್ಟಗೆ ನಿಂತ ಸಣ್ಣ ಕಾಂಡದಿಂದ ಕಾಂಡಕ್ಕೆ ಹಾರುತ್ತ ಸಾಗುತ್ತವೆ. ಬಿದ್ದ ದಿಮ್ಮಿ ಕಂಡರೆ ಇಳಿದು, ಕಿವಿ ಕಿತ್ತು ಬಾಯಿಗಿಟ್ಟು, ಮುಂದಿನ ಕಾಂಡಕ್ಕೆ ನೆಗೆಯುತ್ತವೆ. ಕಿತ್ತದ್ದು ಬೀಜಕ ತೂರುವ ಅಂಗವಷ್ಟೆ. ದಿಮ್ಮಿಯೊಳಗಿನ ಎಳೆಗಳು ಮರ ಅರಗಿಸುತ್ತಲೇ ಇರುತ್ತವೆ.