‘ಯಾರೋ’ ಬೇಡ, ನೆಲಹಿಪ್ಪಲಿ ಇರಲಿ



ಕಳೆದ ತಿಂಗಳು ನಿಮ್ಮಲ್ಲೇ ಒಬ್ಬಳು ಫೋನಿನಲ್ಲಿ ಒಂದು ಚಿತ್ರ ತೋರಿಸಿ, “ಆಂಟಿ, ಲಾನ್ ಬದಲು ಇದನ್ನು ಬೆಳೆಸಬಹುದಂತೆ. ನಮ್ಮ ಮನೆ ಮುಂದೆ ಬರುತ್ತಾ?” ಎಂದು ಕೇಳಿದಳು. ಗಿಡದ ಹೆಸರು ಯಾರೋ. ನಗಬೇಡಿ, ಇಂಗ್ಲಿಷಿನಲ್ಲಿ ಅದರ ಹೆಸರೇ ಹಾಗೆ! ಗ್ರೀಕರ ವೀರ ಅಕಿಲೀಸ್ ಇದರ ಎಲೆಯಿಂದ ಸೈನಿಕರ ಗಾಯಕ್ಕೆ ಮದ್ದು ಮಾಡಿದನೆಂಬ ಕತೆಯಿದೆ. ಸಸ್ಯಶಾಸ್ತ್ರದಲ್ಲಿ ಇದು ಅಕಿಲಿಯಾ. ಹಕ್ಕಿಗರಿಯಂಥ ಎಲೆ, ಕಡಿಮೆ ನೀರು, ವರ್ಷಕ್ಕೆ ನಾಲ್ಕಾರು ಸಲ ಕತ್ತರಿಸಿದರೆ ಸಾಕು. ಆದರೆ ಇದು ಯೂರೋಪಿನ ತಂಪಿನಲ್ಲಿ, ನಮ್ಮ ದೇಶದಲ್ಲಾದರೆ ಕಾಶ್ಮೀರದ ಇಳಿಜಾರುಗಳಲ್ಲಿ ಬೆಳೆಯುವಂಥದ್ದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಹೈದರಾಬಾದಿಗೆ ಅದು ಯಾರೋ ಆಗಿಯೇ ಉಳಿಯಲಿ.

ಆದರೂ ಆ ಹುಡುಗಿಯ ಪ್ರಶ್ನೆ ಸರಿಯಾಗಿಯೇ ಇತ್ತು. ನಾವೂ ಒಮ್ಮೆ ಆಸೆಪಟ್ಟು ನರ್ಸರಿಯಿಂದ ಮೆಕ್ಸಿಕನ್ ಹುಲ್ಲು ತಂದು ಹಾಸಿದ್ದೆವು. 20 ಅಡಿಗೆ 15 ಅಡಿ, ಅಷ್ಟೇ ಜಾಗ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಹಾಯಿಸಿದರೂ ಸುಮಾರು 140 ಲೀಟರ್ ಆಗುತ್ತದೆ. ನಗರದಲ್ಲಿ ಒಬ್ಬ ಮನುಷ್ಯನ ಸಕಲ ಅಗತ್ಯಕ್ಕೂ ಸರ್ಕಾರ ಇಟ್ಟುಕೊಂಡಿರುವ ಲೆಕ್ಕ ದಿನಕ್ಕೆ 135 ಲೀಟರ್. ಅಂದರೆ ಮನೆಯಲ್ಲಿ ಇನ್ನೊಬ್ಬರನ್ನು ಸಾಕಿದ ಹಾಗೆ. ಅವರೋ ಒಂದು ಲೋಟವನ್ನೂ ತೊಳೆದಿಡುವುದಿಲ್ಲ! ಈ ಊರಿನ ನೆಲದಡಿ ಗ್ರಾನೈಟ್ ಬಂಡೆ. ಬಿರುಕುಗಳಲ್ಲಿ ನಿಂತಷ್ಟೇ ನೀರು. ಒಂದು ಏಪ್ರಿಲ್‌ನಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರ್‌ಗೆ ಹಣ ಕೊಟ್ಟು ತರಿಸಿದ ನೀರನ್ನು ಹುಲ್ಲಿಗೆ ಸುರಿಯಲು ಮನಸ್ಸು ಬರಲಿಲ್ಲ. ಮೂರು ವಾರದಲ್ಲಿ ಲಾನ್ ಹಳೇ ಚಾಪೆಯಂತಾಯಿತು.

ನಲ್ಲಿಯ ನೀರಾದರೂ ಪುಕ್ಕಟೆ ಬಂದುದಲ್ಲ. 1908ರಲ್ಲಿ ಮೂಸಿ ನದಿ ಉಕ್ಕಿ ನಗರ ಮುಳುಗಿದ ಮೇಲೆ ನಿಜಾಮರ ಸರ್ಕಾರ ಸಲಹೆಗೆ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಊರು ಬೆಳೆದು ಅವೆರಡೂ ಸಾಲದಾಗಿ, ಈಗ ಕೃಷ್ಣಾ ನದಿಯ ನೀರನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುತ್ತಾರೆ. ಬೀದರ್ ಜಿಲ್ಲೆಯನ್ನು ಹಾದುಬರುವ ಮಂಜೀರಾ, ಉತ್ತರದ ಗೋದಾವರಿ ಕೂಡ ನಮ್ಮ ನಲ್ಲಿಗೆ ಬರುತ್ತವೆ.

ಲಾನ್ ಸತ್ತ ಜಾಗದಲ್ಲಿ ಮೊದಲು ತಾನಾಗಿ ಬಂದದ್ದು ಗರಿಕೆ. ಗಣೇಶನ ಹಬ್ಬಕ್ಕಿರಲಿ ಎಂದು ಒಂದು ಮೂಲೆಯಲ್ಲಿ ಉಳಿಸಿಕೊಂಡೆ. ಉಳಿದ ಕಡೆ ನೆಟ್ಟದ್ದು ನೆಲಹಿಪ್ಪಲಿ. ಕೆರೆಯಂಚಿನಲ್ಲಿ, ಗದ್ದೆಯ ಬದುವಿನಲ್ಲಿ ನೀವು ತುಳಿದುಕೊಂಡೇ ಹೋಗಿರುತ್ತೀರಿ. ನೆಲಕ್ಕಂಟಿ ಹರಿಯುವ ಬಳ್ಳಿ, ತುದಿಯಲ್ಲಿ ಹಲ್ಲಿರುವ ಪುಟ್ಟ ಎಲೆ, ಬೆರಳ ತುದಿಯಷ್ಟು ಬಿಳಿ-ನಸುಗೆಂಪು ಹೂ. ಹೂವಿನ ತೆನೆ ಬಲಿತಾಗ ಥೇಟ್ ಹಿಪ್ಪಲಿ. ನರ್ಸರಿಯಲ್ಲಿ ಲಿಪ್ಪಿಯಾ ಅಥವಾ ಫೈಲಾ ಎಂದು ಕೇಳಿ. ಅರ್ಥವಾಗದಿದ್ದರೆ ಎಲೆ ತೋರಿಸಿ.

ಜೂನ್ ಮಳೆ ಹಿಡಿದ ಮೇಲೆ ನೆಲ ಅಗೆದು, ಕಳೆ ಆರಿಸಿ, ಗೇಣುದ್ದದ ತುಂಡುಗಳನ್ನು ಅಡಿಗೊಂದರಂತೆ ನೆಡಿ. ಗಿಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಮೊದಲ ಎರಡು ತಿಂಗಳು ಕಳೆ ಕೀಳುವುದೇ ಕೆಲಸ. ಅಲ್ಲಿ ಸೋಮಾರಿತನ ಮಾಡಿದರೆ ಎಲ್ಲ ವ್ಯರ್ಥ. ಆಮೇಲೆ ಅದೇ ಕಳೆಯನ್ನು ಅಡಗಿಸುತ್ತದೆ. ಬೇಸಿಗೆಯಲ್ಲಿ ನಾನು ವಾರಕ್ಕೊಮ್ಮೆ ನೀರು ಕೊಡುತ್ತೇನೆ. ಮೇ ತಿಂಗಳಲ್ಲಿ ಸ್ವಲ್ಪ ಸೊರಗುತ್ತದೆ, ಮಳೆ ಬಿದ್ದೊಡನೆ ಚಿಗುರುತ್ತದೆ.

ದೋಷವೂ ಉಂಟು. ಹೂವಿಗೆ ಜೇನುನೊಣ ಮುತ್ತುತ್ತವೆ, ಬರಿಗಾಲಿನ ಮಕ್ಕಳಿದ್ದರೆ ಹೂ ಕತ್ತರಿಸಿಬಿಡಿ. ಕ್ರಿಕೆಟ್ ಆಡುವ ಜಾಗಕ್ಕೆ ಆಗದು. ಬಿಟ್ಟರೆ ಪಾತಿ ದಾಟಿ ಹೋಗುತ್ತದೆ. ಆಸ್ಟ್ರೇಲಿಯಾದ ನದಿಬಯಲುಗಳಲ್ಲಿ ಇದರ ಹತ್ತಿರದ ಸಂಬಂಧಿಯೊಂದು ದೊಡ್ಡ ಪೀಡೆಯಾಗಿದೆ. ನಮ್ಮ ನೆಲಕ್ಕೆ ಇದು ಹಳೆಯ ನಂಟು, ಆದರೂ ಸುತ್ತ ಇಟ್ಟಿಗೆಯ ಅಂಚು ಕಟ್ಟಿ.

ನೆರಳು, ತೇವ ಎರಡೂ ಇರುವ ಕಡೆ ಒಂದೆಲಗ ಹಾಕಿ. ಇಲ್ಲಿಯವರು ಸರಸ್ವತಿ ಆಕು ಎನ್ನುತ್ತಾರೆ. ಅಕ್ಕಿ, ತರಕಾರಿ ತೊಳೆದ ನೀರೇ ಅದಕ್ಕೆ ಸಾಕು. ಹಿಡಿ ಎಲೆಯನ್ನು ತೆಂಗಿನಕಾಯಿ, ಜೀರಿಗೆ, ಮೆಣಸಿನೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಯಾವ ಲಾನ್ ಮಧ್ಯಾಹ್ನದ ಊಟಕ್ಕೆ ಬಂದೀತು, ಹೇಳಿ?

ಆ ಹುಡುಗಿಗೆ ಮೊನ್ನೆ ಒಂದು ಚೀಲ ತುಂಡು ಕೊಟ್ಟು ಕಳಿಸಿದೆ. ನಿಮಗೂ ಬೇಕಿದ್ದರೆ ಮಳೆಗಾಲದಲ್ಲಿ ಬನ್ನಿ, ಚೀಲ ಮಾತ್ರ ನೀವೇ ತನ್ನಿ.