ಅರಿವಳಿಕೆ ಕೋವಿಯ ಗುರಿ ಮತ್ತು ಸ್ಕೋಪಿನ ತಿರುಪು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಪ್ರಾಣಿಯನ್ನು ಕೊಲ್ಲುವುದನ್ನಷ್ಟೇ ಅಲ್ಲದೆ ಸೆರೆಹಿಡಿಯುವುದನ್ನೂ ಬೇಟೆಯೆಂದೇ ಪರಿಗಣಿಸುವುದರಿಂದ, ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನಲ್ಲಿ ಇಂದು ಕಾನೂನು ಒಪ್ಪುವ ಬೇಟೆಯೆಂದರೆ ಬಹುಮಟ್ಟಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆದು ಅರಣ್ಯ ಇಲಾಖೆಯು ಆನೆ, ಹುಲಿ, ಚಿರತೆಗಳನ್ನು ಅರಿವಳಿಕೆ ಮದ್ದಿನಿಂದ ಹಿಡಿಯುವ ಕಾರ್ಯಾಚರಣೆಯೇ ಆಗಿದೆ. ಇದೇ ಸೀಮೆಯ ಕಾಕನಕೋಟೆಯಲ್ಲಿ 1971ರವರೆಗೆ ಖೆಡ್ಡಾ, ಅಂದರೆ ಆನೆಗಳ ಹಿಂಡನ್ನು ಸದ್ದು ಮತ್ತು ಬೆಂಕಿಯಿಂದ ಬೆದರಿಸಿ ದಿಮ್ಮಿಗಳ ಆವರಣಕ್ಕೆ ನೂಕುವ ಪದ್ಧತಿ, ನಡೆಯುತ್ತಿತ್ತು. 1968ರಲ್ಲಿ ಅಲ್ಲಿ ಸೆರೆಸಿಕ್ಕು ಬಳ್ಳೆಯ ಸಾಕಾನೆ ಶಿಬಿರದಲ್ಲಿ ಬೆಳೆದ ಅರ್ಜುನನೆಂಬ ಆನೆ, ದಸರೆಯ ಅಂಬಾರಿಯನ್ನೂ ಹೊತ್ತು, ಕೊನೆಗೆ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಮಡಿಯಿತು. ನಾಗರಹೊಳೆಯಲ್ಲಿ 1990ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೊ ಕೊರಳಪಟ್ಟಿ ತೊಡಿಸಿ ಅಧ್ಯಯನ ಆರಂಭಿಸಿದಾಗಲೂ ಮೊದಲು ಬೇಕಾದುದು ಅರಿವಳಿಕೆಯೇ.

ಈ ಅರಿವಳಿಕೆ ಮದ್ದನ್ನು ದೂರದಿಂದ ಹಾರಿಸುವ ಕೋವಿಯ ಮೇಲಿರುವ ಸ್ಕೋಪ್, ಅಂದರೆ ಗುರಿ ಹಿಡಿಯುವ ಪುಟ್ಟ ದುರ್ಬೀನು, ಬೇಟೆಯ ರೈಫಲಿನಿಂದ ಬಂದ ಸಾಧನ. ಅದರ ನೆತ್ತಿಯ ಮೇಲೊಂದು, ಪಕ್ಕದಲ್ಲೊಂದು ತಿರುಪುಗಳಿದ್ದು, ಇವನ್ನು ಟರೆಟ್ ಎನ್ನುತ್ತಾರೆ. ಮೇಲಿನದು ಗುರಿಯನ್ನು ಏರಿಸಿ ಇಳಿಸಿದರೆ, ಪಕ್ಕದ್ದು ಗಾಳಿಯ ಸೆಳೆತಕ್ಕೆ ತಕ್ಕಂತೆ ಎಡಬಲಕ್ಕೆ ಸರಿಸುತ್ತದೆ. ತಿರುಗಿಸಿದಾಗ ಕೇಳುವ ಒಂದೊಂದು ಕ್ಲಿಕ್ ಸದ್ದಿಗೆ ಗುರಿ ಇಂತಿಷ್ಟೇ ಸರಿಯುವ ಏರ್ಪಾಡಿದ್ದು, ಕ್ಲಿಕ್ಕಿಗೆ ಹತ್ತನೇ ಒಂದು ಮಿಲ್ ಎಂಬ ಕೋನದ ಅಳತೆಯ ಸ್ಕೋಪಿನಲ್ಲಿ ಅದು 100 ಮೀಟರ್ ದೂರಕ್ಕೆ ಒಂದು ಸೆಂಟಿಮೀಟರ್ ಆಗುತ್ತದೆ. ಬಯಲಿನಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಬಹುದೂರಕ್ಕೆ ಹೊಡೆಯುವವರು ಪ್ರತಿ ಹೊಡೆತಕ್ಕೂ ದೂರ ನೋಡಿ ತಿರುಗಿಸಲು ಅನುವಾಗುವ ತೆರೆದ ಟರೆಟ್ಟನ್ನು ಆರಿಸುತ್ತಾರೆ.

ಅರಿವಳಿಕೆ ಕೋವಿಗೆ ಆ ಆಯ್ಕೆ ಒಗ್ಗದಿರುವುದಕ್ಕೆ ಕಾರಣ ಅದು ಹಾರಿಸುವ ಮದ್ದಿನ ಸಿರಿಂಜಿನ ನಿಧಾನಗತಿ. ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ಸಾಗಿದರೆ, ಅನಿಲದ ಒತ್ತಡದಿಂದ ಹೊರಡುವ ಸಿರಿಂಜಿಗೆ 75 ಮೀಟರ್ ವೇಗವಿದೆಯೆಂದು ಲೆಕ್ಕ ಹಿಡಿಯೋಣ. 30 ಮೀಟರ್ ದೂರ ಮುಟ್ಟಲು ಅದಕ್ಕೆ 0.4 ಸೆಕೆಂಡು ಬೇಕಾಗಿ, ಅಷ್ಟರೊಳಗೆ ಭೂಮಿಯ ಸೆಳೆತ ಅದನ್ನು ಸುಮಾರು 78 ಸೆಂಟಿಮೀಟರ್ ಕೆಳಗೆಳೆದಿರುತ್ತದೆ; 20 ಮೀಟರಿಗಾದರೆ ಈ ಇಳಿತ 35 ಸೆಂಟಿಮೀಟರ್ ಮಾತ್ರ. ಹತ್ತಿರದ ಗುರಿಗೆ ಒಂದೊಂದು ಕ್ಲಿಕ್ಕಿನ ಸರಿತ ಇನ್ನೂ ಕಿರಿದಾಗುವುದರಿಂದ, ಹತ್ತು ಮೀಟರಿನ ಈ ವ್ಯತ್ಯಾಸವನ್ನು ಟರೆಟ್ಟಿನಿಂದಲೇ ಸರಿದೂಗಿಸಹೊರಟರೆ ಎಂಬತ್ತಕ್ಕೂ ಹೆಚ್ಚು ಕ್ಲಿಕ್ ಎಣಿಸಬೇಕಾಗುತ್ತದೆ. ಲಂಟಾನ ಪೊದೆಯ ಮರೆಯಲ್ಲಿ ಕಂಡ ಪ್ರಾಣಿ ಅಲ್ಲಿಯವರೆಗೆ ನಿಂತಿರುವುದಿಲ್ಲ.

ಆದ್ದರಿಂದ ಇಲ್ಲಿ ದೂರಕ್ಕೆ ತಕ್ಕಂತೆ ಬದಲಾಗುವುದು ಟರೆಟ್ ಅಲ್ಲ, ಅನಿಲದ ಒತ್ತಡ. ಇಂಗಾಲದ ಡೈಆಕ್ಸೈಡ್ ಬಳಸುವ ಕೋವಿಗಳಲ್ಲಿ ಒತ್ತಡ ತೋರಿಸುವ ಮಾಪಕವೂ ಅದನ್ನು ಹೆಚ್ಚುಕಡಿಮೆ ಮಾಡುವ ತಿರುಪೂ ಇದ್ದು, ಸ್ಕೋಪನ್ನು ಒಮ್ಮೆ ಹೊಂದಿಸಿದ ಮೇಲೆ ಯಾವ ದೂರಕ್ಕೆ ಎಷ್ಟು ಒತ್ತಡ ಕೊಟ್ಟರೆ ಸಿರಿಂಜು ಅದೇ ಬಿಂದುವಿಗೆ ತಗಲುತ್ತದೆಂಬುದನ್ನು ಅಭ್ಯಾಸದಲ್ಲಿ ಗುರುತು ಮಾಡಿಕೊಳ್ಳಲಾಗುತ್ತದೆ. ಒತ್ತಡ ಕಡಿಮೆಯಾದರೆ ಮದ್ದು ನೆಲದ ಪಾಲಾಗುತ್ತದೆ. ಹೆಚ್ಚಾದರೆ ಸಿರಿಂಜು ತೊಡೆಯ ಮಾಂಸಖಂಡದೊಳಗೆ ಆಳವಾಗಿ ನಾಟಿ ಗಾಯಗೊಳಿಸುತ್ತದೆ.

ಹೀಗಾಗಿ ಈ ಕೆಲಸಕ್ಕೆ ಹೊಂದುವುದು ಕಡಿಮೆ ವರ್ಧನೆಯ, ಅಗಲ ನೋಟದ, ಮುಚ್ಚಳವಿರುವ ಟರೆಟ್ಟಿನ ಸ್ಕೋಪ್. ಮುಚ್ಚಳವಿಲ್ಲದಿದ್ದರೆ ಸಾಕಾನೆಯ ಬೆನ್ನ ಮೇಲಿನ ಕುಲುಕಾಟಕ್ಕೋ ಪೊದೆಯ ತಾಗುವಿಕೆಗೋ ತಿರುಪು ಅರಿವಿಲ್ಲದೆಯೇ ಸರಿದು, ಹೊಂದಿಸಿಟ್ಟ ಗುರಿ ಕೆಡಬಹುದು. ಇದರೊಂದಿಗೆ ಪ್ಯಾರಲಾಕ್ಸ್, ಅಂದರೆ ಕಣ್ಣು ಅತ್ತಿತ್ತ ಸರಿದಾಗ ಸ್ಕೋಪಿನೊಳಗಿನ ಗುರಿಗೆರೆಯೂ ಸರಿದಂತೆ ತೋರುವ ದೋಷವನ್ನೂ ಗಮನಿಸಬೇಕು. ರೈಫಲಿನ ಅನೇಕ ಸ್ಕೋಪುಗಳಲ್ಲಿ ಇದನ್ನು ಸುಮಾರು 100 ಗಜಕ್ಕೆ ಸರಿಪಡಿಸಿರುವುದರಿಂದ, 20-30 ಮೀಟರಿಗೆ ಹೊಂದಿಸಿಕೊಳ್ಳಬಹುದಾದ ಸ್ಕೋಪೇ ಲೇಸು. ಬೇಟೆಯ ರೈಫಲಿನಲ್ಲಿ ಹೆಗ್ಗಳಿಕೆಯೆನಿಸುವ ದೊಡ್ಡ ತೆರೆದ ಟರೆಟ್ಟಿಗೆ ಕಾಕನಕೋಟೆಯ ಪೊದೆಗಾಡಿನಲ್ಲಿ ಕೆಲಸವಿಲ್ಲ. ಅಲ್ಲಿ ಗುರಿಕಾರ ದೂರವನ್ನು ಕಣ್ಣಂದಾಜಿನಲ್ಲಿ ಸರಿಯಾಗಿ ಅಳೆದು ಒತ್ತಡದ ತಿರುಪಿಗೆ ಕೈಹಾಕಬೇಕು.