ಕಿರುದೋಣಿಗೊಂದು ಲಂಗರು

ಬಾವಿಗೆ ಕೊಡ ಬಿದ್ದಾಗ ನೆರೆಮನೆಗೆ ಹೋಗಿ ಪಾತಾಳಗರಡಿಯನ್ನು ಕೇಳಿ ತರುತ್ತಿದ್ದ ಕಾಲವನ್ನು ಕಂಡ ಹಿರಿಯರು ಮಾಗಡಿ, ಕನಕಪುರಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕೊಂಡೊಯ್ದವರು ಅದನ್ನು ಮರಳಿಸುವ ತನಕ ಒಂದು ತಂಬಿಗೆಯನ್ನೋ ಚೆಂಬನ್ನೋ ಒತ್ತೆಯಿಟ್ಟು ಹೋಗಬೇಕೆಂಬುದು ಕೆಲವು ಮನೆಗಳ ಕಟ್ಟಳೆಯಾಗಿತ್ತು. ಕಬ್ಬಿಣದ ಬಳೆಯಿಂದ ನಾನಾ ಕೊಕ್ಕೆಗಳು ಇಳಿಬಿದ್ದಿರುವ ಆ ಉಪಕರಣವನ್ನು ನೋಡಿದವರಿಗೆ, ಕಯಾಕ್ ಎಂಬ ಕಿರುದೋಣಿಯ ಲಂಗರನ್ನು ಹೊಸದಾಗಿ ವರ್ಣಿಸಬೇಕಾದ ಅಗತ್ಯವಿಲ್ಲ: ನಡುವೆ ಒಂದು ದಂಡ, ಅದರ ಬುಡದಲ್ಲಿ ಕೊಡೆಯಂತೆ ಮಡಿಚಿಡಬಹುದಾದ ನಾಲ್ಕು ಕೊಕ್ಕೆ, ತೂಕ ಮುಕ್ಕಾಲು ಕಿಲೋದಿಂದ ಒಂದೂವರೆ ಕಿಲೋ. ಮುಳುಗಿದ್ದನ್ನು ಮೇಲೆತ್ತುವುದು ಪಾತಾಳಗರಡಿಯ ಕೆಲಸವಾದರೆ, ತೇಲುವುದನ್ನು ತಳದಿಂದ ಹಿಡಿದು ನಿಲ್ಲಿಸುವುದು ಲಂಗರಿನ ಕೆಲಸ.

ಕಯಾಕ್ ನಮ್ಮ ನಾಡಿನದಲ್ಲ. ಉತ್ತರಧ್ರುವದ ಅಂಚಿನ ಇನ್ಯೂಟ್ ಜನರು ಕಟ್ಟಿಗೆ, ಎಲುಬುಗಳ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಮಾಡಿಕೊಂಡ ಬೇಟೆಯ ದೋಣಿಯದು. ಆದರೆ ಅದರ ದಾಯಾದಿಯೊಂದು ನಮ್ಮಲ್ಲಿಯೂ ಉಂಟು. ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ಹರಿಗೋಲನ್ನು, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಬುಟ್ಟಿಯಂತೆ ದುಂಡಗಿರುವ ದೋಣಿಯೆಂದು ಬಣ್ಣಿಸಿ ಬರೆದಿಟ್ಟಿದ್ದಾನೆ. ಅದೇ ಹರಿಗೋಲು, ಚರ್ಮದ ಬದಲಿಗೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯನ್ನು ಹೊದ್ದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಮೇಕೆದಾಟಿಗೆ ಹೊರಟವರನ್ನು ಅರ್ಕಾವತಿಯ ಆಚೆ ದಡಕ್ಕೆ ದಾಟಿಸುತ್ತ ಬಂದಿದೆ. ಕಯಾಕಿನ ವಿಹಾರಕ್ಕೆ ಒದಗುವ ನೀರು ಬೇರೆ: ಮಾಗಡಿ ಸೀಮೆಯ ಮಂಚನಬೆಲೆ, 1946ರಲ್ಲಿ ಕಟ್ಟಿದ ಚನ್ನಪಟ್ಟಣದ ಕಣ್ವ, ಇಂಥ ಜಲಾಶಯಗಳ ನಿಂತ ನೀರು.

ನಿಂತ ನೀರಿಗೆ ಲಂಗರೇಕೆಂದು ಕೇಳುವವರು ಗಾಳಿಯನ್ನು ಮರೆತಿದ್ದಾರೆ. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಗಾಳವನ್ನು ಬಿಡುವುದರೊಳಗಾಗಿ, ಅಥವಾ ನೀರುಕಾಗೆಯೊಂದನ್ನು ದುರ್ಬೀನಿನ ಕಣ್ಣಿಗೆ ತಂದುಕೊಳ್ಳುವುದರೊಳಗಾಗಿ, ಈ ಹಗುರವಾದ ಹತ್ತಡಿಯ ದೋಣಿ ಒಣಗಿದ ಎಲೆಯಂತೆ ಹತ್ತಾರು ಮಾರು ಸರಿದು ಹೋಗಿರುತ್ತದೆ. ಬೆಸ್ತರು ಇದಕ್ಕೆ ಕಂಡುಕೊಂಡ ಉಪಾಯ ಕಲ್ಲು. ಜಾರದಂತೆ ಸೊಂಟದಲ್ಲಿ ಕಚ್ಚು ಹೊಡೆದು ಹಗ್ಗ ಬಿಗಿದ ಗುಂಡುಕಲ್ಲು ತೆಪ್ಪವನ್ನು ನಿಲ್ಲಿಸಬಲ್ಲದು. ಕಲ್ಲಿಗಂತೂ ಈ ಸೀಮೆಯಲ್ಲಿ ಬರವಿಲ್ಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಹೆಸರಿಸಿರುವ ಇಲ್ಲಿಯ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದದ್ದು. ಆದರೆ ಆರ್ಕಿಮಿಡೀಸನ ನಿಯಮಕ್ಕೆ ಪ್ರಾಚೀನತೆಯ ಹಂಗಿಲ್ಲ. ಗ್ರಾನೈಟು ನೀರಿನ ಎರಡೂಮುಕ್ಕಾಲು ಪಟ್ಟಿಗೆ ತುಸು ಕಡಿಮೆ ಸಾಂದ್ರವಾದುದರಿಂದ, ದಡದಲ್ಲಿ 10 ಕಿಲೋ ತೂಗುವ ಕಲ್ಲು ನೀರಿನೊಳಗೆ ಆರು ಕಿಲೋದಷ್ಟೇ ತೂಗುತ್ತದೆ. ಅಷ್ಟೇ ತೂಕದ ಕಬ್ಬಿಣವಾದರೋ ಎಂಟೂಮುಕ್ಕಾಲು ಕಿಲೋದ ಆಸುಪಾಸಿನಲ್ಲಿ ಉಳಿಯುತ್ತದೆ. ಅಗಲವಾದ ತೆಪ್ಪಕ್ಕೆ ಸಲ್ಲುವ ಕಲ್ಲನ್ನು ಕಿರಿದಾದ ಕಯಾಕಿನಲ್ಲಿ ಹೊತ್ತು, ಅದರ ಅಂಚಿನ ಮೇಲೆ ಬಾಗಿ ಎತ್ತಲು ಹೋಗುವುದು ಮುಳುಗಡೆಗೆ ಆಹ್ವಾನ.

ಹಾಗಾದರೆ ಒಂದೂವರೆ ಕಿಲೋದ ಕೊಕ್ಕೆ ಆಳನ್ನೂ ದೋಣಿಯನ್ನೂ ಹೇಗೆ ಹಿಡಿದೀತು? ಹಿಡಿಯುವುದು ತೂಕವಲ್ಲ, ಹಗ್ಗದ ಓರೆ. ಹಗ್ಗ ನೆಟ್ಟಗೆ ಮೇಲಕ್ಕೆ ಎಳೆದರೆ ಕೊಕ್ಕೆ ಕಿತ್ತು ಬರುತ್ತದೆ. ತಳಕ್ಕೆ ಸಮಾಂತರವಾಗಿ ಎಳೆದಷ್ಟೂ ಮಣ್ಣಿನೊಳಕ್ಕೆ ಊರುತ್ತದೆ. ಆಳದ ಏಳು ಪಟ್ಟು ಹಗ್ಗ ಬಿಟ್ಟಾಗ ಅದು ತಳದೊಡನೆ ಮಾಡುವ ಕೋನ ಎಂಟು ಡಿಗ್ರಿ ಮಾತ್ರ. ಗಾಳಿಯಿಲ್ಲದ ಮುಂಜಾವಿನಲ್ಲಿ ಮೂರು ಪಟ್ಟು ಸಾಕಾಗಬಹುದು. ಅಲೆಯೆದ್ದ ಮಧ್ಯಾಹ್ನ 10 ಅಡಿ ಆಳಕ್ಕೆ 70 ಅಡಿ ಹಗ್ಗ ಬೇಕೆಂದೇ ಲೆಕ್ಕ. ಲಂಗರಿನ ಪಕ್ಕದಲ್ಲಿ ಎರಡು ಮೂರು ಅಡಿ ಸರಪಳಿಯನ್ನು ಸೇರಿಸಿದರೆ ಅದು ಹಗ್ಗದ ಕೆಳತುದಿಯನ್ನು ತಳಕ್ಕೊತ್ತಿ ಹಿಡಿಯುತ್ತದೆ. ಹಗ್ಗ ನೈಲಾನಿನದಾಗಿರಲಿ; ಪಾಲಿಪ್ರೊಪಿಲೀನಿನ ಹಗ್ಗ ನೀರಿನ ಮೇಲೆ ತೇಲಿ, ಹಾದುಹೋಗುವ ಮೋಟಾರು ದೋಣಿಯ ರೆಕ್ಕೆಗೆ ಸಿಕ್ಕಿಕೊಳ್ಳಬಹುದು.

ಇನ್ನು ಹಗ್ಗವನ್ನು ದೋಣಿಯ ಯಾವ ಜಾಗಕ್ಕೆ ಕಟ್ಟಬೇಕು ಎಂಬ ವಿಷಯ. ಕೈಗೆಟುಕುವುದೆಂಬ ಒಂದೇ ಕಾರಣಕ್ಕೆ ಹೊಸಬರು ಕೂತಲ್ಲಿಯೇ, ಮಗ್ಗುಲ ಅಂಚಿಗೇ ಕಟ್ಟಿಬಿಡುತ್ತಾರೆ. ಇದರಷ್ಟು ದೊಡ್ಡ ಪ್ರಮಾದ ಮತ್ತೊಂದಿಲ್ಲ. ದೋಣಿ ಅಡ್ಡಲಾಗಿ ನಿಂತು, ಅಲೆಯ ಪೆಟ್ಟು ಒಂದು ಕಡೆಯಿಂದ, ಹಗ್ಗದ ಎಳೆತ ಅದೇ ಅಂಚನ್ನು ಕೆಳಕ್ಕೆ, ಹೀಗೆ ಎರಡೂ ಸೇರಿ ಕ್ಷಣಾರ್ಧದಲ್ಲಿ ಮಗುಚುತ್ತವೆ. ಎಳೆತ ಯಾವಾಗಲೂ ಮುಂತುದಿಗೋ ಹಿಂತುದಿಗೋ ಬೀಳಬೇಕು. ಆದರೆ ಕೂತವನ ಕೈ ಆ ತುದಿಗಳನ್ನು ಮುಟ್ಟುವುದಿಲ್ಲ. ಈ ತೊಡಕನ್ನು ಬಿಡಿಸಿದ್ದು ಬಾವಿಯ ರಾಟೆಯ ತತ್ತ್ವವೇ. ದೋಣಿಯ ಒಂದೇ ಮಗ್ಗುಲಲ್ಲಿ ಮುಂದೊಂದು, ಹಿಂದೊಂದು ಪುಟ್ಟ ರಾಟೆಗಳನ್ನು ಕೂರಿಸಿ, ಅವುಗಳ ಮೇಲೆ ಐದಾರು ಮಿಲಿಮೀಟರು ದಪ್ಪದ ಹುರಿಯನ್ನು ಕುಣಿಕೆಯಾಗಿ ಸುತ್ತಿಸಿ, ಹುರಿಯ ಎರಡು ಕೊನೆಗಳು ಕೂಡುವಲ್ಲಿ ಒಂದು ಸ್ಟೀಲಿನ ಬಳೆಯನ್ನು ಬಿಗಿಯುತ್ತಾರೆ. ಲಂಗರಿನ ಹಗ್ಗ ಆ ಬಳೆಯ ಮೂಲಕ ಹಾದು ಬರುತ್ತದೆ; ಕುಣಿಕೆಯನ್ನು ಎಳೆದಂತೆ ಬಳೆ ತುದಿಯವರೆಗೆ ಓಡಿ ನಿಲ್ಲುತ್ತದೆ, ದೋಣಿ ಮೆಲ್ಲನೆ ತಿರುಗಿ ಗಾಳಿಗೆ ಮೊಗ ಮಾಡುತ್ತದೆ. ಹಗ್ಗ ಬಿಗಿಯಾಗುವ ಮೊದಲೇ ಬಳೆಯನ್ನು ತುದಿಗೆ ಕಳಿಸಬೇಕೆಂಬುದು ನೆನಪಿರಲಿ.

ರಾಟೆಗೆ ತೂತು ಕೊರೆಯುವ ಮುನ್ನ, ಆ ಜಾಗಕ್ಕೆ ಒಳಗಿನಿಂದ ಕೈ ಹೋಗುತ್ತದೆಯೇ ಎಂದು ತಡವಿ ನೋಡಬೇಕು: ಹೋದರೆ ತುಕ್ಕು ಹಿಡಿಯದ ಬೋಲ್ಟು, ಅಗಲವಾದ ವಾಷರು, ನಟ್ಟು, ಹೋಗದಿದ್ದರೆ ರಿವೆಟ್ಟು. ತೂತು ನೀರಿನ ಮಟ್ಟದಿಂದ ಮೇಲೆಯೇ ಇರಬೇಕು, ನೀರು ಜಿನುಗದಂತೆ ಅದಕ್ಕೆ ಸೀಲೆಂಟ್ ಮೆತ್ತಬೇಕು. ಕೊರೆಯಲು ಮನಸ್ಸೊಪ್ಪದವರು ತುದಿಗಳಲ್ಲಿರುವ ಎತ್ತುವ ಹಿಡಿಗಳಿಗೇ ರಾಟೆಗಳನ್ನು ಬಿಗಿದುಕೊಳ್ಳಬಹುದು. ಕೆಲಸ ನಡೆಯುತ್ತದೆ, ಕೊಂಚ ಸಡಿಲವಾಗಿ.

ಕೊನೆಗೆ, ಬಿಡಿಸಿಕೊಳ್ಳುವ ವಿಚಾರ. ಹಗ್ಗವನ್ನು ದೋಣಿಗೆ ಗಂಟು ಹಾಕಲೇಬಾರದು. ಒಂದೇ ಜಗ್ಗಿಗೆ ಕಳಚುವಂತೆ ಕೈಯಳತೆಯಲ್ಲಿರುವ ಕ್ಲೀಟ್ ಎಂಬ ಹಗ್ಗದ ಹಿಡಿಕೆಗೆ ಸಿಗಿಸಿ, ಹಗ್ಗದ ಹೊರತುದಿಗೆ ತೇಲುಬುರುಡೆಯೊಂದನ್ನು ಕಟ್ಟಿದರೆ, ಆಪತ್ತಿನಲ್ಲಿ ಲಂಗರನ್ನು ಹಾಗೆಯೇ ಬಿಟ್ಟು ಹೋಗಿ ಆಮೇಲೆ ಬಂದು ಹುಡುಕಿಕೊಳ್ಳಬಹುದು. ಚನ್ನಪಟ್ಟಣದ ಕುಶಲಿಗರು ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣವೇರಿಸಿದ ಬುರುಡೆಯೊಂದನ್ನು ಇದಕ್ಕೆ ಬಳಸಬಾರದೇಕೆ ಎಂಬುದು ನನ್ನ ಚಾಪಲ್ಯ. ಖಾಲಿ ಪ್ಲಾಸ್ಟಿಕ್ ಬಾಟಲಿಯೂ ಅಷ್ಟೇ ಚೆನ್ನಾಗಿ ತೇಲುತ್ತದೆ. ಮುಳುಗಿದ ಮರದ ಬುಡಗಳಿಗೂ ಬಂಡೆಯ ಸಂದಿಗೂ ಕೊಕ್ಕೆ ಸಿಕ್ಕಿಕೊಳ್ಳುವುದು ಜಲಾಶಯಗಳಲ್ಲಿ ಸಾಮಾನ್ಯವಾದುದರಿಂದ, ಸರಪಳಿಯನ್ನು ಲಂಗರಿನ ಬುಡಕ್ಕೆ ಕೂಡಿಸಿ, ದಂಡದುದ್ದಕ್ಕೂ ತಂದು, ತಲೆಯ ಬಳೆಗೆ ತೆಳ್ಳನೆಯ ಕೇಬಲ್ ಟೈ ಒಂದರಿಂದ ಬಿಗಿಯುವುದು ಬಲ್ಲವರ ರೂಢಿ. ಜೋರಾಗಿ ಜಗ್ಗಿದರೆ ಆ ಟೈ ಹರಿದು, ಎಳೆತ ಬುಡಕ್ಕೆ ಬಿದ್ದು, ಲಂಗರು ಹಿಮ್ಮುಖವಾಗಿ ಕಳಚಿಕೊಂಡು ಬರುತ್ತದೆ.

ಇಷ್ಟೆಲ್ಲ ಸನ್ನಾಹವೂ ನಿಂತ ನೀರಿಗೆ ಮಾತ್ರ. ಸಂಗಮದಿಂದ ಕೆಳಗೆ ಕಾವೇರಿ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುವಲ್ಲಿ, ಹಗ್ಗ ಹಾಕಿ ನಿಂತ ಕಿರುದೋಣಿಯನ್ನು ಪ್ರವಾಹ ಆ ಹಗ್ಗದಿಂದಲೇ ಮುಳುಗಿಸುತ್ತದೆ. ಅಲ್ಲಿ ಲಂಗರಿಳಿಸುವ ಯೋಚನೆಯನ್ನೇ ಮಾಡಬೇಡಿ. ಮಂಚನಬೆಲೆ, ಕಣ್ವಗಳಲ್ಲಿಯೂ ಅನುಮತಿ ಪಡೆದ ಬಳಿಕವೇ ನೀರಿಗಿಳಿಯಿರಿ, ಮೈಮೇಲೆ ಲೈಫ್ ಜಾಕೆಟ್ ಇರಲಿ, ಹಗ್ಗ ಕೊಯ್ಯಲು ಹರಿತವಾದ ಚೂರಿಯೊಂದು ಎದೆಯ ಬಳಿಯೇ ಇರಲಿ.